ತಾ ವಾನ್ ಹಳ್ಳಿಯ ಹೋಂಸ್ಟೇ: ಮನೆಯವರ ಮಾತನ್ನು ಎಲ್ಲಿಯವರೆಗೆ ನಂಬಬಹುದು?

ವಿಯೆಟ್ನಾಮಿನ ಉತ್ತರದ ಗುಡ್ಡಗಾಡಿನಲ್ಲಿರುವ ಸಾಪಾಕ್ಕೆ ನಮ್ಮ ಕಡೆಯಿಂದ ಹೋಗುವ ಅನೇಕರು ಪಟ್ಟಣದ ಹೋಟೆಲೊಂದರಲ್ಲಿ ಇಳಿದು, ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರಿನಲ್ಲಿ ಏರಿ, ಕಾತ್ ಕಾತ್ ಹಳ್ಳಿಯಲ್ಲಿ ಬಾಡಿಗೆಯ ಉಡುಪು ತೊಟ್ಟು ಫೋಟೊ ತೆಗೆಸಿಕೊಂಡು ಹನೋಯ್‌ಗೆ ಮರಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾಪಾ ಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರ್ ಕೆಳಗೆ, ಮುವಾಂಗ್ ಹ್ವಾ ಹೊಳೆಯ ಕಣಿವೆಯಲ್ಲಿರುವ ತಾ ವಾನ್ ಹಳ್ಳಿಯ ಮನೆಯೊಂದರಲ್ಲಿ ಒಬ್ಬರೇ ಹೋಗಿ ಉಳಿದುಕೊಳ್ಳುವುದು ಬೇರೆಯೇ ಬಗೆಯ ವ್ಯವಹಾರ. ಹೋಟೆಲಿನಲ್ಲಿ ನಾವು ಕೊಂಡುಕೊಳ್ಳುವುದು ಕೋಣೆಯನ್ನು. ಇಲ್ಲಿ ಕೊಂಡುಕೊಳ್ಳುವುದು ಆ ಮನೆಯ ಯಜಮಾನಿಯ ತಿಳಿವಳಿಕೆಯನ್ನು, ಅವರ ಫೋನಿನಲ್ಲಿರುವ ನಂಬರುಗಳನ್ನು, ನಾಳೆ ಯಾವ ದಾರಿ ನಡೆಯಲು ಯೋಗ್ಯ ಎಂಬ ಅವರ ತೀರ್ಮಾನವನ್ನು. ಹಾಸಿಗೆ ಇದರ ಜೊತೆಗೆ ಬರುತ್ತದೆ, ಅಷ್ಟೇ. ಹಾಗಾಗಿ ಈ ವಿಮರ್ಶೆಯಲ್ಲಿ ಹಾಸಿಗೆಯ ಮೆತ್ತನೆಗಿಂತ ಮನೆಯವರನ್ನು ಯಾವ ವಿಷಯದಲ್ಲಿ ಎಷ್ಟು ನೆಚ್ಚಿಕೊಳ್ಳಬಹುದು ಎಂಬುದನ್ನೇ ಹೆಚ್ಚಾಗಿ ಬರೆಯುತ್ತಿದ್ದೇನೆ.

ನಾನು ಉಳಿದ ಮನೆಯ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಅದು ಐದಾರು ಅತಿಥಿಗಳಿಗಿಂತ ಹೆಚ್ಚು ಜನರನ್ನು ತಾಳಲಾರದ ಮನೆ, ಜೊತೆಗೆ ನಾನು ಮುಂದೆ ಎತ್ತುವ ಒಂದೆರಡು ಆಕ್ಷೇಪಗಳು ಆ ಮನೆಗಷ್ಟೇ ಸೇರಿದವಲ್ಲ. ಹಳ್ಳಿಯಲ್ಲಿ ಇಂಥ ಮನೆಗಳು ಸಾಲುಸಾಲಾಗಿವೆ. ತಾ ವಾನ್ ಮುಖ್ಯವಾಗಿ ಝಾಯ್ ಜನಾಂಗದವರ ಊರು. ಕಣಿವೆಯ ಮೇಲ್ಭಾಗದ ಲಾವ್ ಚಾಯ್ ಕಪ್ಪು ಹ್ಮಾಂಗ್ ಜನರದು. ನನ್ನ ಆತಿಥೇಯರು ಝಾಯ್ ಕುಟುಂಬದವರು. ನಲವತ್ತರ ಆಸುಪಾಸಿನ ಯಜಮಾನಿ, ಹೆಚ್ಚು ಮಾತಾಡದ ಅವರ ಗಂಡ, ಹಗಲಿಡೀ ಕೆಲಸ ಮಾಡುವ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು.

ತಲುಪುವುದು ಕಷ್ಟವಲ್ಲ. ಹನೋಯ್‌ನಿಂದ ಲಾವ್ ಕಾಯ್‌ವರೆಗಿನ ಎಕ್ಸ್‌ಪ್ರೆಸ್‌ವೇ 2014ರಲ್ಲಿ ತೆರೆದ ಮೇಲೆ ಸ್ಲೀಪರ್ ಬಸ್ಸು ಆರು ಗಂಟೆಯ ಆಸುಪಾಸಿನಲ್ಲಿ ಸಾಪಾಕ್ಕೆ ತಂದುಬಿಡುತ್ತದೆ. ಬಸ್ಸು ಹತ್ತುವಾಗಲೇ ಚಪ್ಪಲಿ ಕಳಚಿಸಿ, ಅದನ್ನು ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ ಕೈಗೆ ಕೊಡುತ್ತಾರೆ. ಈ ಶಿಸ್ತು ನನಗೆ ಬಹಳ ಹಿಡಿಸಿತು. ರಾತ್ರಿ ರೈಲನ್ನೇ ಬಯಸುವವರು ಸುಮಾರು ಎಂಟು ಗಂಟೆ ಪ್ರಯಾಣ ಮಾಡಿ ಲಾವ್ ಕಾಯ್‌ನಲ್ಲಿ ಇಳಿದು, ಅಲ್ಲಿಂದ ಮತ್ತೆ ಘಾಟಿ ರಸ್ತೆ ಹತ್ತಬೇಕು. ತೊಡಕು ಶುರುವಾಗುವುದು ಸಾಪಾದಿಂದ ಮುಂದೆ. ಹನೋಯ್‌ನಲ್ಲಿ ಗ್ರ್ಯಾಬ್ ಆ್ಯಪ್ ತೆರೆದರೆ ಕ್ಷಣದಲ್ಲಿ ಬೈಕೋ ಕಾರೋ ಬಂದು ನಿಲ್ಲುತ್ತದೆ. ಕಣಿವೆಯೊಳಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಯಜಮಾನಿ ಮೊದಲೇ ಸಂದೇಶ ಕಳಿಸಿ, ಚರ್ಚಿನ ಎದುರು ನಿಲ್ಲುವಂತೆ ತಿಳಿಸಿ, ತಮ್ಮ ಪರಿಚಯದ ಚಾಲಕನ ಬೈಕಿನ ನಂಬರನ್ನೂ ಅವನ ಫೋಟೊವನ್ನೂ ಕಳಿಸಿದ್ದರು. ಒಬ್ಬಂಟಿಯಾಗಿ, ಅದರಲ್ಲೂ ಹೆಂಗಸೊಬ್ಬಳು, ಭಾಷೆ ಬಾರದ ಊರಿನಲ್ಲಿ ಸಂಜೆ ಹೊತ್ತು ಇಳಿದಾಗ ಈ ಸಣ್ಣ ಮುಂಜಾಗ್ರತೆಯ ಬೆಲೆ ಏನೆಂಬುದು ಹೀಗೆ ತಿರುಗುವವರಿಗೆಲ್ಲ ಗೊತ್ತು. ಈ ಅಂಶಕ್ಕೆ ಅವರಿಗೆ ಪೂರ್ಣ ಅಂಕ.

ಮನೆಯ ವಿಷಯಕ್ಕೆ ಬರೋಣ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳ ಅಭ್ಯಾಸವಿರುವವರು ತಮ್ಮ ನಿರೀಕ್ಷೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಕಡೆ ಅತಿಥಿಗಳಿಗೆ ತೋಟದಲ್ಲಿ ಬೇರೆಯೇ ಕಾಟೇಜು ಇರುತ್ತದೆ, ಅಡುಗೆಯವರು ಬೇರೆ ಇರುತ್ತಾರೆ, ಮಾಲೀಕರು ಸಂಜೆ ಬಂದು ಕುಶಲ ವಿಚಾರಿಸಿ ಹೋಗುತ್ತಾರೆ. ಇಲ್ಲಿ ಒಂದೇ ಸೂರು, ಒಂದೇ ಒಲೆ. ಮರದ ಮನೆಯ ನಡುಮನೆಯಲ್ಲಿ ಹಿರಿಯರ ಪೂಜೆಯ ಪೀಠವಿದೆ. ಅದರ ಕಡೆ ಕಾಲು ಚಾಚಿ ಕೂರಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ನಮಗೆ ಅದು ತಾನಾಗಿಯೇ ಹೊಳೆಯುತ್ತದೆ. ಭತ್ತ, ಜೋಳ ತುಂಬಿಡುತ್ತಿದ್ದ ಅಟ್ಟದಲ್ಲೇ ಈಗ ಅತಿಥಿಗಳಿಗೆ ಹಾಸಿಗೆ. ನೆಲದ ಮೇಲೆ ಹಾಸಿದ ಗಾದಿ, ದಪ್ಪನೆಯ ರಜಾಯಿ, ಸೊಳ್ಳೆ ಪರದೆ, ಒಂದು ಹಾಸಿಗೆಗೂ ಇನ್ನೊಂದಕ್ಕೂ ನಡುವೆ ಬಟ್ಟೆಯ ಪರದೆ. ಎಲ್ಲವೂ ಶುಚಿಯಾಗಿತ್ತು. ಆದರೆ ಬೀಗ ಹಾಕುವ ಬಾಗಿಲಿಲ್ಲ, ಸಾಮಾನು ಇಡಲು ಬೀಗದ ಪೆಟ್ಟಿಗೆಯೂ ಇಲ್ಲ. ಅಟ್ಟದಲ್ಲಿ ಗಂಡಸರು, ಹೆಂಗಸರು ಎಂಬ ವಿಂಗಡಣೆ ಇರುವುದಿಲ್ಲ. ಬೇಡವೆನಿಸಿದರೆ ಕೆಳಗಿನ ಚಿಕ್ಕ ಕೋಣೆಯನ್ನು ಮುಂಚೆಯೇ ಕೇಳಿ ಕಾಯ್ದಿರಿಸಬೇಕು. ಅಟ್ಟದ ಹಾಸಿಗೆಗೆ ರಾತ್ರಿಯೊಂದಕ್ಕೆ ಒಂದೂವರೆ ಲಕ್ಷ ಡಾಂಗ್, ಕೋಣೆಗೆ ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಲಕ್ಷ ಎಂದ ಕೂಡಲೇ ಗಾಬರಿಯಾಗಬೇಕಿಲ್ಲ. ಒಂದು ಲಕ್ಷ ಡಾಂಗ್ ಎಂದರೆ ನಮ್ಮ ಮುನ್ನೂರು, ಮುನ್ನೂರೈವತ್ತು ರೂಪಾಯಿಯ ಆಸುಪಾಸು.

ಹೋದ ಕೂಡಲೇ ಯಜಮಾನಿ ಪಾಸ್‌ಪೋರ್ಟ್ ಕೇಳಿದರು. ಒಬ್ಬರೇ ಪ್ರಯಾಣಿಸುವವರಿಗೆ ಈ ಕ್ಷಣದಲ್ಲಿ ಅನುಮಾನ ಬರುವುದು ಸಹಜ. ಆದರೆ ವಿಯೆಟ್ನಾಮಿನ ಕಾನೂನಿನ ಪ್ರಕಾರ ವಿದೇಶಿಯರನ್ನು ಉಳಿಸಿಕೊಂಡ ಪ್ರತಿಯೊಂದು ಮನೆಯವರೂ ಹನ್ನೆರಡು ಗಂಟೆಗಳೊಳಗೆ, ದೂರದ ಗುಡ್ಡಗಾಡು ಪ್ರದೇಶಗಳಲ್ಲಾದರೆ ಇಪ್ಪತ್ನಾಲ್ಕು ಗಂಟೆಗಳೊಳಗೆ, ಪೊಲೀಸರಿಗೆ ಅತಿಥಿಯ ವಿವರ ಸಲ್ಲಿಸಬೇಕು. ಇವರು ಪಾಸ್‌ಪೋರ್ಟ್ ಹಾಗೂ ಇ-ವೀಸಾದ ಫೋಟೊ ತೆಗೆದುಕೊಂಡು ಅಲ್ಲೇ ಹಿಂದಿರುಗಿಸಿದರು. ಕೆಲವು ಮನೆಗಳಲ್ಲಿ ಲೆಕ್ಕ ಚುಕ್ತಾ ಆಗುವವರೆಗೂ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವ ರೂಢಿಯಿದೆ, ಅದಕ್ಕೆ ಒಪ್ಪಬೇಕಾಗಿಲ್ಲ. ಬೇಕಿದ್ದರೆ ಒಂದು ರಾತ್ರಿಯ ಹಣವನ್ನು ಮುಂಗಡವಾಗಿ ಕೊಡುತ್ತೇನೆಂದು ವಿನಯದಿಂದ ಹೇಳಿದರೆ ಸಾಕು.

ಊಟದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಸಸ್ಯಾಹಾರಿಗಳಿಗೆ ವಿಯೆಟ್ನಾಮಿನಲ್ಲಿ ಆತಿಥೇಯರ ಮೇಲಿನ ಅವಲಂಬನೆ ಇಲ್ಲಿಯೇ ಅತಿ ಹೆಚ್ಚು. ಹನೋಯ್‌ನಂಥ ನಗರದಲ್ಲಿ ‘ಚಾಯ್’ ಎಂದು ಬರೆದ ಫಲಕ ಹುಡುಕಿದರೆ ಬೌದ್ಧರ ಸಸ್ಯಾಹಾರಿ ಹೋಟೆಲುಗಳು ಸಿಗುತ್ತವೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿ ಜನಸಂದಣಿಯೂ ಇರುತ್ತದೆ. ಗುಡ್ಡದ ಹಳ್ಳಿಗಳಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಮಾಂಸ ಹಾಕದ ಪಲ್ಯವೂ ಹಂದಿ ಕೊಬ್ಬಿನಲ್ಲಿ ಬಾಡಿಸಿದ್ದಾಗಿರಬಹುದು, ಮೇಲೆ ಮೀನಿನ ಸಾಸ್ ಬಿದ್ದಿರಬಹುದು. ಅವರ ಲೆಕ್ಕದಲ್ಲಿ ಎರಡೂ ಮಾಂಸವಲ್ಲ, ಅಡುಗೆಯ ಎಣ್ಣೆ ಮತ್ತು ಉಪ್ಪು. ಆದ್ದರಿಂದ ಬರಿಯ ‘ಸಸ್ಯಾಹಾರಿ’ ಎಂದರೆ ಸಾಲದು. ಹಂದಿ ಕೊಬ್ಬು ಬೇಡ, ಮೀನಿನ ಸಾಸ್ ಬೇಡ, ಮೂಳೆಯ ಸಾರು ಬೇಡ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ವಿಯೆಟ್ನಾಮೀಸ್ ಭಾಷೆಯಲ್ಲೇ ಬರೆಸಿಕೊಂಡು ಬರುವ ಮುಂಚೆಯೇ ಕಳಿಸಬೇಕು. ನಾನು ಕಳಿಸಿದ್ದೆ. ಯಜಮಾನಿ ಅದನ್ನು ಅತ್ತೆಗೆ ಝಾಯ್ ಭಾಷೆಯಲ್ಲಿ ಓದಿ ಹೇಳಿ, ನನಗೆಂದು ಬೇರೆ ಬಾಣಲೆಯನ್ನೇ ಎತ್ತಿಟ್ಟಿದ್ದರು. ಎಣ್ಣೆಯ ಬಾಟಲಿಯನ್ನು ತಂದು ತೋರಿಸಿದರು.

ರಾತ್ರಿಯ ಊಟಕ್ಕೆ ಎಲ್ಲರೂ ಒಂದೇ ತಗ್ಗು ಮೇಜಿನ ಸುತ್ತ ಕೂರುತ್ತಾರೆ. ಟೊಮ್ಯಾಟೊ ಗೊಜ್ಜಿನಲ್ಲಿ ಬೇಯಿಸಿದ ತೋಫು, ಬೆಳ್ಳುಳ್ಳಿ ಹಾಕಿ ಬಾಡಿಸಿದ ನೀರುಸೊಪ್ಪು, ಕಡಲೆಕಾಯಿ ಬೀಜದ ಪುಡಿ ಉದುರಿಸಿದ ಎಲೆಕೋಸು, ಅನ್ನ. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಸೀಮೆಬದನೆಯ ಕುಡಿಯ ಪಲ್ಯ. ನಾವು ಕಾಯಿಯನ್ನು ಸಾಂಬಾರಿಗೆ ಹಾಕಿ, ಬಳ್ಳಿಯ ಕಡೆ ತಿರುಗಿಯೂ ನೋಡುವುದಿಲ್ಲ. ಸಾಪಾದ ಸುತ್ತಮುತ್ತ ಎಳೆಯ ಕುಡಿಗಾಗಿಯೇ ಚಪ್ಪರ ಹಾಕಿ ಬೆಳೆಸುತ್ತಾರೆ. ಬೆಳ್ಳುಳ್ಳಿ, ಉಪ್ಪು, ಜೋರು ಉರಿ, ಇಷ್ಟೇ. ಕುಡಿ ಕಚ್ಚಿದರೆ ಕರಕರ ಎನ್ನಬೇಕು, ಬಾಡಿದರೆ ಕೆಟ್ಟಿತು. ಊರಿಗೆ ಬಂದ ಮೇಲೆ ಹಿತ್ತಲಿನ ಬಳ್ಳಿಯ ಮೇಲೆ ನಾನೂ ಕೈಯಾಡಿಸಿದ್ದೇನೆ. ಬೆಳಗಿನ ತಿಂಡಿ ಮಾತ್ರ ನಿರಾಶೆಯೇ ಸರಿ. ಬಾಳೆಹಣ್ಣಿನ ಪ್ಯಾನ್‌ಕೇಕು ಮತ್ತು ಜೇನು; ವಿದೇಶಿಯರಿಗೆ ಇದೇ ಬೇಕೆಂದು ಇಡೀ ಕಣಿವೆ ನಿರ್ಧರಿಸಿಬಿಟ್ಟಿದೆ. ಮನೆಯವರು ತಿನ್ನುವ ಅಂಟು ಅನ್ನವನ್ನೇ ಕೊಡಿ ಎಂದು ಹಿಂದಿನ ರಾತ್ರಿ ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಅಕ್ಕಿಯನ್ನು ನೆನೆಹಾಕಲು ಸಮಯ ಬೇಕಷ್ಟೆ. ಚಾರಣದ ನಡುವಿನ ಮಧ್ಯಾಹ್ನದ ಊಟ ಬೇರೆಯವರ ಅಂಗಡಿಯಲ್ಲಿ ಆಗುವುದರಿಂದ ಯಜಮಾನಿಯ ಕಾಳಜಿ ಅಲ್ಲಿ ಕೆಲಸ ಮಾಡುವುದಿಲ್ಲ. ನೂಡಲ್ಸಿನ ಸಾರಿಗೆ ಮೂಳೆ ಬಿದ್ದೇ ಇರುತ್ತದೆ. ಬುತ್ತಿ ಕಟ್ಟಿಕೊಡಿ ಎಂದು ಕೇಳುವುದು ಉತ್ತಮ.

ಇನ್ನು ದಾರಿಯ ವಿಷಯ. ಈ ಇಡೀ ಸೇವೆಯ ಸತ್ವ ಇರುವುದು ಇಲ್ಲಿ. ಸಾಪಾದ ಮೆಟ್ಟಿಲು ಗದ್ದೆಗಳಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ–ಜೂನ್‌ನಲ್ಲಿ ನಾಟಿ, ಸೆಪ್ಟೆಂಬರಿನ ಹೊತ್ತಿಗೆ ಕೊಯ್ಲು. ಪ್ರವಾಸಿಗರು ಹೊಂಬಣ್ಣದ ಗದ್ದೆ ನೋಡಲೆಂದು ಬರುವ ಸೆಪ್ಟೆಂಬರಿನಲ್ಲಿಯೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತದ ಮಳೆಗೆ ಇದೇ ಲಾವ್ ಕಾಯ್ ಪ್ರಾಂತ್ಯದ ಲಾಂಗ್ ನೂ ಎಂಬ ಊರು ಗುಡ್ಡ ಜಾರಿ ಹೂತುಹೋಯಿತು. ಆ ಬಳಿಕ ಮಣ್ಣಿನ ಬಣ್ಣ ನೋಡಿ ಮಾತಾಡುವ ಎಚ್ಚರ ಈ ಕಣಿವೆಯವರಲ್ಲಿ ಇನ್ನಷ್ಟು ಹೆಚ್ಚಿದಂತಿದೆ. ನಾನು ಬಿದಿರು ಕಾಡಿನ ದಾರಿಯಾಗಿ ಝಾಂಗ್ ತಾ ಚಾಯ್ ಕಡೆಗೆ ಹೋಗಬೇಕೆಂದು ಹಣವನ್ನೂ ಮಾತಾಡಿಕೊಂಡಿದ್ದೆ; ಯಜಮಾನಿಯೇ ದಾರಿ ತೋರಿಸಲು ಬರುವವರಿದ್ದರು. ರಾತ್ರಿಯೆಲ್ಲ ಮಳೆ ಹೊಯ್ದಿತ್ತು, ಬೆಳಿಗ್ಗೆ ಆಕಾಶ ತಿಳಿಯಾಗಿ ಬಿಸಿಲೂ ಬಿದ್ದಿತ್ತು. ನನ್ನ ಕಣ್ಣಿಗೆ ಅದು ಚಾರಣಕ್ಕೆ ಹೇಳಿ ಮಾಡಿಸಿದ ದಿನ. ಅವರು ಅಂಗಳದಲ್ಲಿ ನಿಂತು ಎದುರು ಗುಡ್ಡದಲ್ಲಿ ಹೊಸದಾಗಿ ಕಾಣುತ್ತಿದ್ದ ಒಂದು ಕೆಂಪು ಗೀರನ್ನು ತೋರಿಸಿ, ಮೇಲಿನ ದಾರಿ ಇವತ್ತು ಬೇಡ ಎಂದರು. ಹೊಳೆಯ ಪಕ್ಕದ ಸಿಮೆಂಟು ರಸ್ತೆಯಲ್ಲಿ ಬೇಕಾದರೆ ಹೋಗಿ, ಅದಕ್ಕೆ ನಾನು ಬೇಕಾಗಿಲ್ಲ, ಹಣವೂ ಬೇಡ ಎಂದರು. ಪಕ್ಕದ ಮನೆಯ ಅತಿಥಿಗಳು ಆ ಮೇಲಿನ ದಾರಿಯಲ್ಲೇ ಹೊರಟಿದ್ದನ್ನು ನಾನು ತೋರಿಸಿದೆ. ಅವರು ಪಟ್ಟಣದಿಂದ ಬಂದ ಗೈಡಿನ ಜೊತೆ ಹೋಗುತ್ತಿದ್ದಾರೆ ಎಂದಷ್ಟೇ ಹೇಳಿ ಯಜಮಾನಿ ಕೋಳಿಗಳಿಗೆ ಕಾಳು ಹಾಕಲು ಹೋದರು. ಆ ಅತಿಥಿಗಳು ಮಧ್ಯಾಹ್ನ ಕ್ಷೇಮವಾಗಿಯೇ ಮರಳಿದರು ಎಂಬುದನ್ನೂ ಬರೆಯಬೇಕು, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿದ್ದರು.

ಹಾಗಾದರೆ ಯಜಮಾನಿಯ ಎಚ್ಚರಿಕೆ ಅತಿಯಾಯಿತೇ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಆ ದಿನ ಅವರು ಬೇಡವೆಂದದ್ದರಿಂದ ಅವರ ಒಂದು ದಿನದ ಗೈಡ್ ಸಂಬಳ ಹೋಯಿತು. ತಮ್ಮ ಲಾಭಕ್ಕೆ ವಿರುದ್ಧವಾಗಿ ಒಬ್ಬರು ಹೇಳುವ ಮಾತಿಗೆ ತೂಕ ಹೆಚ್ಚು. ಪರ ಊರಿನಲ್ಲಿ ಒಬ್ಬರೇ ಇರುವಾಗ ಯಾರ ಯಾವ ಮಾತನ್ನು ನಂಬಬೇಕೆಂದು ಅಳೆಯಲು ಇದಕ್ಕಿಂತ ಸುಲಭದ ಅಳತೆಗೋಲು ನನಗೆ ಸಿಕ್ಕಿಲ್ಲ. ಮಂಜು ಎಷ್ಟು ಹೊತ್ತಿಗೆ ಇಳಿಯುತ್ತದೆ, ಯಾವ ಬದುವಿನ ಮೇಲೆ ನಡೆದರೆ ಗದ್ದೆಯವರು ಬೈಯುತ್ತಾರೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವ ಅಂಗಡಿಯ ಊಟ ಹೊಟ್ಟೆಗೆ ಆಗುವುದಿಲ್ಲ, ಇವೆಲ್ಲದರಲ್ಲೂ ಅವರ ಮಾತು ಒಮ್ಮೆಯೂ ಹುಸಿಯಾಗಲಿಲ್ಲ.

ಅದೇ ಅಳತೆಗೋಲನ್ನು ಹಣದ ಕಡೆ ತಿರುಗಿಸಿದರೆ ಚಿತ್ರ ಬೇರೆಯಾಗುತ್ತದೆ. ಹನೋಯ್‌ಗೆ ಮರಳುವ ಬಸ್ಸಿನ ಟಿಕೆಟನ್ನು ಯಜಮಾನಿಯೇ ಮಾಡಿಸಿದರು. ಅದರ ದರ ಬಸ್ಸಿನವರ ಕೌಂಟರಿನ ದರಕ್ಕಿಂತ ಹೆಚ್ಚೆಂಬುದು ಸಾಪಾದಲ್ಲಿ ಫಲಕ ನೋಡಿದಾಗ ತಿಳಿಯಿತು. ಗಿಡಮೂಲಿಕೆಯ ಬಿಸಿನೀರಿನ ಸ್ನಾನಕ್ಕೆ ಕಳಿಸಿದ್ದು ಅವರ ನೆಂಟರ ಮನೆಗೆ. ನೀಲಿ ಬಣ್ಣದ ಸೆಣಬಿನ ಬಟ್ಟೆ ನೋಡಲು ಕರೆದುಕೊಂಡು ಹೋದ ಅಂಗಡಿಯೂ ಅವರ ಗೆಳತಿಯದು, ಅಲ್ಲಿನ ಕೆಲವು ಬಟ್ಟೆಗಳು ಕೈಮಗ್ಗದವಲ್ಲ, ಯಂತ್ರದಲ್ಲಿ ಅಚ್ಚು ಹಾಕಿದವು. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಬಸ್ಸಿನ ಕಂಪನಿಗೆ ಫೋನು ಮಾಡಿ, ವಿಯೆಟ್ನಾಮೀಸ್‌ನಲ್ಲಿ ಮಾತಾಡಿ, ಮನೆಯ ಬಾಗಿಲಿಗೆ ವ್ಯಾನು ಬರುವಂತೆ ಮಾಡುವುದೂ ಕೆಲಸವೇ, ಅದಕ್ಕೆ ಕಮಿಷನ್ ಪಡೆಯುವುದು ನ್ಯಾಯವೇ. ನನ್ನ ಆಕ್ಷೇಪ ಇರುವುದು ಅದನ್ನು ಬಿಡಿಸಿ ಹೇಳದೆ ಇದ್ದದ್ದಕ್ಕೆ. ವ್ಯಾನು ಹೇಳಿದ ಸಮಯಕ್ಕೆ ಬರಲಿಲ್ಲ, ಇನ್ನೇನು ಬಸ್ಸು ತಪ್ಪುತ್ತದೆ ಎನ್ನುವಾಗ ಬಂತು. ಆ ಹೊತ್ತಿನಲ್ಲಿ ‘ಬರುತ್ತದೆ, ಬರುತ್ತದೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅವರ ಬಳಿ ಇರಲಿಲ್ಲ. ಮರುಪ್ರಯಾಣದ ಟಿಕೆಟನ್ನು ಹನೋಯ್‌ನಲ್ಲೇ ಹೋಗಿಬರುವ ಲೆಕ್ಕದಲ್ಲಿ ಕೊಂಡುಬಿಡುವುದು, ಕಣಿವೆಯಿಂದ ಸಾಪಾದವರೆಗಿನ ಬೈಕಿಗಷ್ಟೇ ಮನೆಯವರನ್ನು ಅವಲಂಬಿಸುವುದು ಲೇಸು. ಹಳ್ಳಿಗಳಿಗೆ ಪ್ರವೇಶ ಟಿಕೆಟ್ ಇದೆ, ದಾರಿಯ ಗೇಟಿನಲ್ಲಿ ಕೇಳುತ್ತಾರೆ; ಅದು ಮನೆಯವರ ಲೆಕ್ಕಕ್ಕೆ ಸೇರಿರುವುದಿಲ್ಲ ಎಂಬುದೂ ಗೊತ್ತಿರಲಿ.

ಎಲ್ಲ ಲೆಕ್ಕವೂ ನಗದಿನಲ್ಲೇ ನಡೆಯುತ್ತದೆ. ಸಾಪಾ ಪಟ್ಟಣದ ಎಟಿಎಂನಲ್ಲಿ ಹಣ ತೆಗೆದುಕೊಂಡೇ ಕಣಿವೆಗೆ ಇಳಿಯಬೇಕು. ಇಪ್ಪತ್ತು ಸಾವಿರ ಡಾಂಗ್‌ನ ನೋಟೂ ಐದು ಲಕ್ಷ ಡಾಂಗ್‌ನ ನೋಟೂ ಎರಡೂ ನೀಲಿ, ಮಂದ ಬೆಳಕಿನಲ್ಲಿ ಒಂದರಂತೆ ಇನ್ನೊಂದು ಕಾಣುತ್ತದೆ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ.

ಭಾಷೆ ನಾನು ಅಂದುಕೊಂಡಷ್ಟು ತೊಡಕಾಗಲಿಲ್ಲ. ಯಜಮಾನಿಯ ಮನೆಮಾತು ಝಾಯ್, ಶಾಲೆಯಲ್ಲಿ ಕಲಿತದ್ದು ವಿಯೆಟ್ನಾಮೀಸ್, ಅತಿಥಿಗಳಿಂದ ಕಿವಿಯಲ್ಲಿ ಹಿಡಿದದ್ದು ಇಂಗ್ಲಿಷ್. ಓದಿಕೊಂಡವರಿಗಿಂತ ಸರಾಗವಾಗಿ ಅದನ್ನು ಆಡುತ್ತಾರೆ, ಆದರೆ ಬರೆಯಲು ಒಲ್ಲರು. ಹಾಗಾಗಿ ಬುಕಿಂಗ್ ಮಾಡುವಾಗ ನಡೆಯುವ ಪತ್ರವ್ಯವಹಾರದಲ್ಲಿ ಉತ್ತರಗಳು ಚುಟುಕಾಗಿ, ಕೆಲವೊಮ್ಮೆ ಒರಟಾಗಿ ಕಾಣುತ್ತವೆ. ಅದರ ಮೇಲೆ ಮನೆಯವರ ಸ್ವಭಾವವನ್ನು ತೂಗಬಾರದು. ಅಲ್ಲಿ ಎಲ್ಲರೂ ಬಳಸುವುದು ಝಾಲೋ ಆ್ಯಪ್, ವಿದೇಶಿಯರಿಗೆಂದು ವಾಟ್ಸ್‌ಆ್ಯಪ್ ಕೂಡ ಇಟ್ಟುಕೊಂಡಿರುತ್ತಾರೆ. ಧ್ವನಿ ಸಂದೇಶ ಕಳಿಸಿದರೆ ಕೂಡಲೇ ಪೂರ್ಣ ಉತ್ತರ ಬರುತ್ತದೆ.

ಸುರಕ್ಷತೆಯ ವಿಷಯದಲ್ಲಿ ಒಬ್ಬಂಟಿ ಹೆಂಗಸರಿಗೆ ಹೇಳಬೇಕಾದ ಮಾತು ಒಂದಿದೆ. ರಾತ್ರಿಯ ಊಟದೊಂದಿಗೆ ಅಕ್ಕಿಯ ಸಾರಾಯಿ ಬರುತ್ತದೆ. ಚಿಕ್ಕ ಬಟ್ಟಲುಗಳಲ್ಲಿ ಸುರಿದು, ‘ಮೋತ್, ಹಾಯ್, ಬಾ’ ಎಂದು ಒಂದು, ಎರಡು, ಮೂರು ಎಣಿಸಿ ಎಲ್ಲರೂ ಒಟ್ಟಿಗೆ ಗುಟುಕರಿಸುವುದು ಅಲ್ಲಿನ ಮರ್ಯಾದೆ. ಕುಡಿಯದವರು ಬಟ್ಟಲಿನ ಮೇಲೆ ಅಂಗೈ ಇಟ್ಟರೆ ಸಾಕು, ಮನೆಯವರು ಒತ್ತಾಯಿಸುವುದಿಲ್ಲ. ಒತ್ತಾಯ ಬರುವುದು ಅಮಲೇರಿದ ಸಹ ಅತಿಥಿಗಳಿಂದ. ನನ್ನ ಎದುರಿಗಿದ್ದ ಒಬ್ಬ ಪ್ರವಾಸಿ ಮೂರನೆಯ ಸಲ ಬಟ್ಟಲು ಮುಂದೆ ತಳ್ಳಿದಾಗ, ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದ ಯಜಮಾನಿಯ ಅತ್ತೆ ಆ ಬಟ್ಟಲನ್ನು ಎತ್ತಿ ತಾವೇ ಕುಡಿದು, ಬೋರಲು ಹಾಕಿ ಮೇಜಿನ ಮೇಲಿಟ್ಟರು. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಹಾಸ್ಟೆಲಿನ ರಿಸೆಪ್ಷನ್ನಿನಿಂದ ಈ ಬಗೆಯ ಕಾವಲನ್ನು ನಿರೀಕ್ಷಿಸಲಾಗದು. ಹಾಗೆಂದು ಎಲ್ಲವನ್ನೂ ಮನೆಯವರ ಮೇಲೆ ಹೊರಿಸಬೇಡಿ. ಆಂಬುಲೆನ್ಸಿಗೆ 115, ಪೊಲೀಸರಿಗೆ 113 ಎಂಬ ನಂಬರುಗಳು, ಮನೆಯ ನಕ್ಷೆಯ ಗುರುತು, ಹತ್ತಿರದ ಆಸ್ಪತ್ರೆ ಸಾಪಾ ಪಟ್ಟಣದಲ್ಲಿದೆ ಎಂಬ ವಿವರ ಇವಿಷ್ಟನ್ನು ಊರಿನಲ್ಲಿರುವ ಒಬ್ಬರಿಗೆ ಕಳಿಸಿರಬೇಕು. ಬೈಕನ್ನು ತಾವೇ ಬಾಡಿಗೆಗೆ ಪಡೆದು ಓಡಿಸುವ ಮುನ್ನ ಪ್ರವಾಸ ವಿಮೆಯ ಷರತ್ತುಗಳನ್ನು ಓದಿ. ಆ ಘಾಟಿಯ ತಿರುವುಗಳಲ್ಲಿ ಮಂಜು ಕವಿದರೆ ಮುಂದಿನ ಲಾರಿ ಕಾಣುವುದಿಲ್ಲ.

ಸದ್ದಿನ ಬಗ್ಗೆ ಅಂಕ ಕಡಿಮೆ ಕೊಡುತ್ತೇನೆ. ಮರದ ಮನೆಯಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ತಿಳಿಯುತ್ತದೆ, ಕೋಳಿಗಳಿಗೆ ಗಡಿಯಾರವಿಲ್ಲ, ವಾರಾಂತ್ಯದಲ್ಲಿ ಯಾವುದೋ ಮನೆಯ ಕರಾವೋಕೆ ಸ್ಪೀಕರ್ ಕಣಿವೆಯನ್ನೆಲ್ಲ ತುಂಬುತ್ತದೆ. ಹಳ್ಳಿಯ ತುಂಬ ಹೊಸ ಕಾಂಕ್ರೀಟು ಕಟ್ಟಡಗಳು ಏಳುತ್ತಿವೆ, ಹಗಲೆಲ್ಲ ಕಲ್ಲು ಕೊರೆಯುವ ಸದ್ದು. ಯಜಮಾನಿಗೆ ಹೇಳಿದರೆ ಅವರು ನಗುತ್ತಾರೆ. ಕರಾವೋಕೆಯಲ್ಲಿ ಹಾಡುತ್ತಿರುವವರು ಅವರ ಗಂಡನ ಅಣ್ಣನಂತೆ.

ಹೋಗುವ ಕಾಲಕ್ಕೆ ಸಂಬಂಧಿಸಿ ಹೇಳುವುದಾದರೆ, ಸೆಪ್ಟೆಂಬರಿನ ಮೊದಲ ಭಾಗ ಗದ್ದೆಗೆ, ಮಾರ್ಚ್–ಏಪ್ರಿಲ್ ನಡಿಗೆಗೆ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಮನೆಯೊಳಗೆ ಹೀಟರ್ ಇರದಿದ್ದರೆ ಚಳಿ ತಡೆಯಲಾಗದು; ಮೇಲಿನ ಪಟ್ಟಣದಲ್ಲಿ ಕೆಲವು ವರ್ಷ ಹಿಮವೂ ಬೀಳುತ್ತದೆ. ಚಾಂದ್ರಮಾನ ಹೊಸವರ್ಷದ ತೇತ್ ಹಬ್ಬದ ವಾರದಲ್ಲಿ ಬಸ್ಸುಗಳು ತುಂಬಿರುತ್ತವೆ, ಅಂಗಡಿಗಳು ಮುಚ್ಚಿರುತ್ತವೆ, ಮನೆಯವರಿಗೂ ಅತಿಥಿಗಳು ಭಾರವೇ. ಆದರೆ ಅದೇ ಚಾಂದ್ರಮಾನದ ಮೊದಲ ತಿಂಗಳಿನ ಡ್ರ್ಯಾಗನ್ ದಿನದಂದು (ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ಎಣಿಸುವ ದಿನಗಳಲ್ಲೊಂದು) ತಾ ವಾನ್‌ನ ಝಾಯ್ ಜನರು ನಡೆಸುವ ಒಳ್ಳೆಯ ಬೆಳೆಗಾಗಿ ಬೇಡುವ ರೋಂಗ್ ಪೋಕ್ ಹಬ್ಬಕ್ಕೆ ಹೋಗಬಯಸುವವರು ತಿಂಗಳುಗಳ ಮುಂಚೆ ಮನೆಯವರನ್ನು ಕೇಳಬೇಕು. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವವರು ಅಟ್ಟದ ಏಣಿ ಕಡಿದಾಗಿದೆ, ಶೌಚಾಲಯ ಅಂಗಳದ ಆಚೆಗಿದೆ ಎಂಬುದನ್ನು ಮರೆಯದೆ ಕೆಳಗಿನ ಕೋಣೆಯನ್ನೇ ಕೇಳಲಿ. ನಾನು ಉಳಿದ ಮನೆಯಲ್ಲಿ ಅಂಥ ಕೋಣೆ ಇರುವುದು ಒಂದೇ, ಅದೂ ಗದ್ದೆಯ ಕಡೆಗಲ್ಲದೆ ಹಂದಿಗೂಡಿನ ಕಡೆಗೆ ತೆರೆದುಕೊಳ್ಳುತ್ತದೆ.